ಕುರುಡು ಚಿತ್ತೆಯ ವಾರ: ಮೊಬೈಲ್‌ನಲ್ಲಿ ಗುಡುಗು, ಅಂಗಳದಲ್ಲಿ ಬಿಸಿಲು

ಪ್ರಶ್ನೆ: ದೀಪಾವಳಿಗೆ ರಜೆ ಹಾಕಿ, ಅಕ್ಟೋಬರ್ ಕೊನೆಯ ವಾರ ಸುತ್ತಾಟ ಇಟ್ಟುಕೊಂಡಿದ್ದೇವೆ. ಬೆಂಗಳೂರಿನಿಂದ ಹೊರಟು ವಿಜಯಪುರದ ಅಕ್ಕನ ಮನೆ, ಅಲ್ಲಿಂದ ಶಿರಸಿ ಹತ್ತಿರದ ನಮ್ಮ ಮನೆ, ಕೊನೆಗೆ ಗೋಕರ್ಣ. ಮೊಬೈಲ್ ತೆಗೆದರೆ ನಾಲ್ಕೂ ಊರಿಗೆ ಏಳೂ ದಿನ ಗುಡುಗಿನ ಮೋಡದ ಚಿತ್ರ, ಪಕ್ಕದಲ್ಲಿ 60 ಪರ್ಸೆಂಟ್. ಆದರೆ ನಮ್ಮ ಬಡಾವಣೆಯಲ್ಲಿ ನಾಲ್ಕು ದಿನದಿಂದ ಒಂದು ಹನಿ ಬಿದ್ದಿಲ್ಲ. ಎರಡು ಕಿಲೋಮೀಟರ್ ಆಚೆ ಮೊನ್ನೆ ರಸ್ತೆಯೇ ಹಳ್ಳವಾಗಿತ್ತು. ಕೋಲಾರದ ಕಡೆ ಮಾವನವರ ರಾಗಿ ಕೊಯ್ಲಿಗೆ ಬಂದಿದೆ. ‘ಕೊಯ್ಯಲೋ ಬೇಡವೋ, ಆ ಮೊಬೈಲ್ ನೋಡಿ ಹೇಳಪ್ಪ’ ಅನ್ನುತ್ತಾರೆ. ದೆಹಲಿಯಲ್ಲಿರುವ ತಮ್ಮ ಕೊಡೆ ಅಟ್ಟಕ್ಕೆ ಹಾಕಿದ್ದೇನೆ ಅನ್ನುತ್ತಾನೆ. ಒಂದೇ ದೇಶ, ಒಂದೇ ವಾರ, ಇಷ್ಟು ಬೇರೆ ಬೇರೆ ಹೇಗೆ? ಈ ಮುನ್ಸೂಚನೆ ನಂಬಬೇಕೋ ಬಿಡಬೇಕೋ?

ಉತ್ತರ: ನಿಮ್ಮ ಮೊಬೈಲೂ ಸುಳ್ಳು ಹೇಳುತ್ತಿಲ್ಲ, ನಿಮ್ಮ ಅಂಗಳವೂ ಸುಳ್ಳು ಹೇಳುತ್ತಿಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿವೆ, ಅಷ್ಟೇ.

ಮೊದಲು ನಿಮಗೆ ಬೇಕಾದದ್ದು ಹೇಳಿಬಿಡುತ್ತೇನೆ. ಪ್ರವಾಸ ಬಿಡಬೇಡಿ. ಬೆಳಗಿನ ಹೊತ್ತು ದಾರಿ ಸವೆಸಿ, ಮಧ್ಯಾಹ್ನ ಮೂರರ ಒಳಗೆ ಸೂರಿನಡಿ ಸೇರುವ ಹಾಗೆ ನೋಡಿಕೊಳ್ಳಿ. ಮಾವನವರ ರಾಗಿ ವಿಷಯ ಮಾತ್ರ ಬೇರೆ. ಅದಕ್ಕೆ ಮೊಬೈಲ್‌ನ ಮೋಡದ ಚಿತ್ರ ಸಾಲದು, ಬಂಗಾಳ ಕೊಲ್ಲಿಯನ್ನು ನೋಡಬೇಕು. ಅದನ್ನು ಮುಂದೆ ಹೇಳುತ್ತೇನೆ. ದಿನದಿನದ ಭವಿಷ್ಯ ಮಾತ್ರ ನಾನು ಬರೆಯುವುದಿಲ್ಲ. ಇದು ನಿಮ್ಮ ಕೈ ಸೇರುವಷ್ಟರಲ್ಲಿ ಅದು ಹಳಸಿರುತ್ತದೆ.

ಹಳ್ಳಿಗಳಲ್ಲಿ ಈ ಹೊತ್ತಿನ ಮಳೆಗೆ ಒಂದು ಗಾದೆ ಇದೆ: ‘ಕುರುಡು ಚಿತ್ತೆ ಎರಚಿದತ್ತ ಬೆಳೆ.’ ಅಕ್ಟೋಬರ್ 10ರ ಆಸುಪಾಸಿನಿಂದ 23ರ ತನಕ ಚಿತ್ತಾ ಮಳೆ, ಆಮೇಲೆ ಸ್ವಾತಿ. ಚಿತ್ತೆಗೆ ಕಣ್ಣಿಲ್ಲ, ಕೈಗೆ ಬಂದ ಕಡೆ ನೀರು ಎರಚುತ್ತಾಳೆ. ಬಿದ್ದವನ ಹೊಲ ಹಸಿರು, ಬದುವಿನಾಚೆಯವನಿಗೆ ಬರೀ ಸದ್ದು. ನೀವು ಕೇಳಿರುವುದೂ ಅದೇ ಅಲ್ವಾ? ನಿಮ್ಮ ಬದು ಎರಡು ಕಿಲೋಮೀಟರ್ ದೂರದ ರಸ್ತೆ, ಅಷ್ಟೇ ವ್ಯತ್ಯಾಸ.

ಹೀಗೆ ಎರಚುವುದು ಯಾಕೆ? ಗಾಳಿ ದಿಕ್ಕು ಬದಲಿಸುವ ಹೊತ್ತು ಇದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮೇಲೆ ಪಡುವಣ ಗಾಳಿಯ ಆಳ್ವಿಕೆ. ಅರಬ್ಬಿ ಸಮುದ್ರದ ತೇವ ಹೊತ್ತು ಘಟ್ಟಕ್ಕೆ ಬಡಿಯುತ್ತದೆ. ಸೆಪ್ಟೆಂಬರ್ 17ರ ಸುಮಾರಿಗೆ ಈ ಮುಂಗಾರು ಪಶ್ಚಿಮ ರಾಜಸ್ಥಾನದಿಂದ ಕಾಲು ತೆಗೆಯಲು ಶುರು ಮಾಡುತ್ತದೆ. ಅಕ್ಟೋಬರ್ 15ರ ಹೊತ್ತಿಗೆ ಇಡೀ ದೇಶದಿಂದ ಹೊರಟಿರಬೇಕು. 20ರ ಆಸುಪಾಸು ತಮಿಳುನಾಡಿನ ಕರಾವಳಿಗೆ ಮೂಡಣ ಗಾಳಿ ಬಂದು ಹಿಂಗಾರು ಶುರುವಾಗುತ್ತದೆ. ಇವೆಲ್ಲ ಸರಾಸರಿ ದಿನಾಂಕಗಳು. ಕ್ಯಾಲೆಂಡರ್ ನೋಡಿಕೊಂಡು ಗಾಳಿ ಬರುವುದಿಲ್ಲ. ಹವಾಮಾನ ಇಲಾಖೆ ಕೂಡ ಒಂದು ಮಳೆ ಬಿತ್ತೆಂದು ಹಿಂಗಾರು ಬಂತು ಅನ್ನುವುದಿಲ್ಲ. ಮುಂಗಾರು ಆಂಧ್ರದ ಕರಾವಳಿ ತನಕ ಸರಿದಿರಬೇಕು. ಮೂಡಣ ಗಾಳಿ ನೆಲಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ತನಕ ನೆಲೆ ನಿಂತಿರಬೇಕು. ಕರಾವಳಿಯಲ್ಲಿ ಹಲವು ಕಡೆ ಮಳೆ ಆಗಿರಬೇಕು. ಇಷ್ಟು ಕೂಡಿ ಬಂದರೆ ಮಾತ್ರ ಘೋಷಣೆ.

ಹೋಗುವ ಗಾಳಿಗೆ ಬಲ ಇಲ್ಲ, ಬರುವ ಗಾಳಿಗೆ ಇನ್ನೂ ಬಲ ಬಂದಿಲ್ಲ. ಮೋಡವನ್ನು ತಳ್ಳಿಕೊಂಡು ಹೋಗುವವರೇ ಇಲ್ಲ. ಹಾಗಾಗಿ ಮೋಡ ಹುಟ್ಟಿದ ಕಡೆಯೇ ಮೇಲಕ್ಕೆ ಬೆಳೆಯುತ್ತದೆ, ಅಲ್ಲೇ ಸುರಿದು ಖಾಲಿಯಾಗುತ್ತದೆ. ಜುಲೈ ಮಳೆ ಚಾಪೆ ಹಾಸಿದ ಹಾಗೆ. ಅಕ್ಟೋಬರ್ ಮಳೆ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ.

ಒಂದು ಚುಕ್ಕಿಯ ಕಥೆ ಕೇಳಿ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಹಿಂದಿನ ಮಳೆಗೆ ನೆಲ ಹಸಿಯಾಗಿರುತ್ತದೆ. ಹನ್ನೊಂದರ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತದೆ. ಸೆಖೆ ಜಾಸ್ತಿ ಆಗುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ. ಹಸಿ ನೆಲದ ಬಿಸಿ ಗಾಳಿ ಮೇಲೇರುತ್ತದೆ, ಕೊಲ್ಲಿಯ ಕಡೆಯಿಂದ ಬಂದ ತೇವ ಅದಕ್ಕೆ ಸೇರುತ್ತದೆ. ಎರಡು ಗಂಟೆಗೆ ಹೂಕೋಸಿನಂಥ ಮೋಡ. ಮೂರೂವರೆಗೆ ಅದರ ನೆತ್ತಿ ಹನ್ನೆರಡು ಹದಿನೈದು ಕಿಲೋಮೀಟರ್ ಎತ್ತರ ಮುಟ್ಟಿರಬಹುದು. ಆಮೇಲೆ ಸುರಿಯುತ್ತದೆ. ಸುರಿಯುವಾಗ ಮೇಲಿನ ತಣ್ಣನೆ ಗಾಳಿಯನ್ನೂ ಎಳೆದುಕೊಂಡು ಕೆಳಗೆ ಬೀಳುತ್ತದೆ. ಆ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮೊನ್ನೆ ಪಕ್ಕದ ಬಡಾವಣೆಯಲ್ಲಿ ಮಳೆ ಸುರಿದಾಗ ನಿಮ್ಮ ಕಡೆ ಕಿಟಕಿ ಬಡಿದು, ಧೂಳೆದ್ದು, ತಂಪಾಗಿ, ಅಷ್ಟಕ್ಕೇ ನಿಂತಿರಬೇಕು. ಅದು ಪಕ್ಕದ ಮಳೆಯ ಉಸಿರು. ಅದೇ ನಿಮ್ಮ ಪಾಲಿನ ಮಳೆಯನ್ನೂ ತಪ್ಪಿಸಿತು. ನೆಲ ತಣ್ಣಗಾದ ಮೇಲೆ ಮೋಡ ಏರಲು ಬಿಸಿ ಎಲ್ಲಿಂದ ಬರಬೇಕು? ಆ ತಣ್ಣನೆ ಗಾಳಿ ಇನ್ನೂ ಮುಂದೆ ಹೋಗಿ, ಬಿಸಿಯಾಗಿಯೇ ಇದ್ದ ಇನ್ನೊಂದು ಕಡೆ ಗಾಳಿಯನ್ನು ಮೇಲಕ್ಕೆ ಎತ್ತಿ, ಅಲ್ಲಿ ಹೊಸ ಮೋಡ ಹುಟ್ಟಿಸುತ್ತದೆ. ಇಂಥ ಒಂದು ಮೋಡದ ಅಗಲ ಐದು ಹತ್ತು ಕಿಲೋಮೀಟರ್. ಆಯುಸ್ಸು ಹೆಚ್ಚು ಕಡಿಮೆ ಒಂದು ಗಂಟೆ.

ಈಗ ಆ 60 ಪರ್ಸೆಂಟಿಗೆ ಬರೋಣ. ಅದು ನಿಜವಾಗಿ ನಿಮ್ಮ ತಾರಸಿಯ ಲೆಕ್ಕವೇ ಆಗಿದ್ದರೆ ಏನಾಗಬೇಕಿತ್ತು? ಒಂದು ದಿನ ಒಣಗಿರುವ ಸಾಧ್ಯತೆ ನೂರಕ್ಕೆ 40. ನಾಲ್ಕು ದಿನ ಸಾಲಾಗಿ ಒಣಗಿರುವ ಸಾಧ್ಯತೆ, ಗುಣಿಸಿ ನೋಡಿ, ನೂರಕ್ಕೆ ಮೂರೂ ಇಲ್ಲ. ಆದರೂ ನಿಮಗೆ ಹನಿ ಬೀಳಲಿಲ್ಲ. ನಿಮ್ಮ ಅದೃಷ್ಟ ಅಷ್ಟು ಕೆಟ್ಟದ್ದೇನಲ್ಲ. ಆ ಅಂಕಿ ನಿಮ್ಮ ತಾರಸಿಯದ್ದೇ ಅಲ್ಲ. ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕ ಚೌಕವಾಗಿ ಹೋಳು ಮಾಡಿ ಲೆಕ್ಕ ಹಾಕುತ್ತವೆ. ಇಡೀ ಜಗತ್ತನ್ನು ಲೆಕ್ಕ ಹಾಕುವ ಮಾದರಿಗಳಲ್ಲಿ ಒಂದು ಚೌಕ ಸುಮಾರು ಹತ್ತು ಹನ್ನೆರಡು ಕಿಲೋಮೀಟರ್. ನಮ್ಮ ದೇಶ 2025ರ ಮೇ ತಿಂಗಳಲ್ಲಿ ಆರು ಕಿಲೋಮೀಟರ್ ಚೌಕದ ಭಾರತ್ ಮುನ್ಸೂಚನಾ ವ್ಯವಸ್ಥೆಯನ್ನು ಬಳಕೆಗೆ ತಂದಿದೆ. ದೊಡ್ಡ ಹೆಜ್ಜೆಯೇ ಸರಿ. ಆದರೂ ಐದು ಕಿಲೋಮೀಟರ್‌ನ ಮೋಡ ಆರು ಕಿಲೋಮೀಟರ್‌ನ ಚೌಕದಲ್ಲಿ ಯಾವ ಮೂಲೆಗೆ ಬೀಳುತ್ತದೆ ಎಂದು ಹೇಳಲು ಆಗುವುದಿಲ್ಲ. ಬೇಳೆ ಜರಡಿಯಲ್ಲಿ ರವೆ ಹಿಡಿಯಲು ಹೋದ ಹಾಗೆ. ಹಾಗಾಗಿ 60 ಅಂದರೆ ‘ನಿಮ್ಮ ಸುತ್ತಲಿನ ಚೌಕದಲ್ಲಿ ಎಲ್ಲೋ ಒಂದು ಕಡೆ, ದಿನದ ಯಾವುದೋ ಹೊತ್ತಲ್ಲಿ’ ಎಂದು ಓದಿಕೊಳ್ಳಿ. ಮೊನ್ನೆ ಆ ‘ಎಲ್ಲೋ’ ಎರಡು ಕಿಲೋಮೀಟರ್ ಆಚೆ ಇತ್ತು.

ನನ್ನ ಕೇಳಿದರೆ, ಆ ಚಿತ್ರಕ್ಕಿಂತ ಇಲಾಖೆಯ ಒಣ ವಾಕ್ಯಗಳೇ ಮೇಲು. ಅಲ್ಲಿ ಒಂದೊಂದು ಪದಕ್ಕೂ ಅಳತೆ ಇದೆ. ‘ಒಂದೆರಡು ಕಡೆ’ ಅಂದರೆ ಆ ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರ ಒಳಗೆ. ‘ಕೆಲವು ಕಡೆ’ ಅಂದರೆ 26ರಿಂದ 50. ‘ಹಲವು ಕಡೆ’ 51ರಿಂದ 75. ಅದಕ್ಕೂ ಮೇಲಿದ್ದರೆ ‘ಬಹುತೇಕ ಎಲ್ಲ ಕಡೆ’. ಅಂದರೆ ‘ದಕ್ಷಿಣ ಒಳನಾಡಿನ ಕೆಲವು ಕಡೆ ಮಳೆ’ ಎಂದು ಓದಿದಾಗ, ಅರ್ಧದಷ್ಟಾದರೂ ಊರು ಒಣಗಿರುತ್ತವೆ ಎಂದೂ ಅದು ಹೇಳುತ್ತಿದೆ. ಟಿವಿಯವರು ಅದನ್ನೇ ‘ರಾಜ್ಯದಲ್ಲಿ ಭಾರಿ ಮಳೆ’ ಮಾಡುತ್ತಾರೆ. ಅವರ ಹೊಟ್ಟೆಪಾಡು, ಬಿಡಿ.

ಇನ್ನೊಂದು ಸಣ್ಣ ವಿಷಯ. ಇದು ತಿಳಿಯದೆ ಜಗಳವಾಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹವಾಮಾನದವರ ದಿನ ಬೆಳಗ್ಗೆ 8.30ಕ್ಕೆ ಶುರು, ಮರುದಿನ 8.30ಕ್ಕೆ ಮುಗಿಯುತ್ತದೆ. ಮಂಗಳವಾರ ಬೆಳಗ್ಗೆ ಅಳೆದದ್ದರಲ್ಲಿ ಸೋಮವಾರ ಸಂಜೆಯ ಮಳೆ ಇರುತ್ತದೆ. ಹಾಗೆಯೇ ಸೋಮವಾರದ ಎಚ್ಚರಿಕೆ ಮಂಗಳವಾರ ಬೆಳಗಿನ ತನಕ ನಡೆಯುತ್ತದೆ. ರಾತ್ರಿ ಹನ್ನೆರಡಕ್ಕೆ ‘ಸೋಮವಾರ ಮುಗಿಯಿತು, ಮಳೆ ಬರಲಿಲ್ಲ’ ಎಂದು ನಗಬೇಡಿ.

‘ಭಾರಿ ಮಳೆ’ಗೂ ಅಳತೆ ಇದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ. 115.6ರಿಂದ ಅತಿ ಭಾರಿ. 204.4 ದಾಟಿದರೆ ಅತ್ಯಂತ ಭಾರಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. 30×40 ಅಡಿಯ ಸೈಟಿನ ಮೇಲೆ 64.5 ಮಿಲಿಮೀಟರ್ ಬಿದ್ದರೆ ಏಳು ಸಾವಿರ ಲೀಟರಿಗೂ ಮೇಲೆ. ಬೇಸಿಗೆಯಲ್ಲಿ ನೀವು ದುಡ್ಡು ಕೊಟ್ಟು ತರಿಸುವ ಒಂದು ಸಣ್ಣ ಟ್ಯಾಂಕರಿಗಿಂತ ಜಾಸ್ತಿ. ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಇಷ್ಟು ಮಳೆಗೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅಲ್ಲಿ ಅದು ದಿನವಿಡೀ ಬೀಳುತ್ತದೆ, ಬಿದ್ದದ್ದು ಹರಿದುಹೋಗಲು ಹಳ್ಳ ಇದೆ. ಬೆಂಗಳೂರಿನಲ್ಲಿ ಅಷ್ಟೇ ನೀರು ಒಂದೂವರೆ ಗಂಟೆಯಲ್ಲಿ ಬೀಳುತ್ತದೆ, ಹಳ್ಳದ ಮೇಲೆ ಮನೆ ಇದೆ. ಹಳದಿ ಬಣ್ಣದ ಎಚ್ಚರಿಕೆ ನೋಡಿ ‘ಬರೀ ಹಳದಿ ತಾನೇ’ ಎನ್ನುವವರಿಗೆ ಇದನ್ನು ಹೇಳಬೇಕು. ಆ ಬಣ್ಣ ಇಡೀ ದಿನದ ಒಟ್ಟು ಮಳೆಯನ್ನು ನೋಡಿ ಹಾಕಿದ್ದಿರಬಹುದು. ಅಂಡರ್‌ಪಾಸ್ ತುಂಬುವುದು ಅರ್ಧ ಗಂಟೆಯ ಲೆಕ್ಕದಲ್ಲಿ.

ಬೆಂಗಳೂರಿಗೆ ಅಕ್ಟೋಬರ್ ಹಗುರವಾದ ತಿಂಗಳಲ್ಲ. 1997ರ ಅಕ್ಟೋಬರ್ 1ರಂದು ಒಂದೇ ದಿನದಲ್ಲಿ 178.9 ಮಿಲಿಮೀಟರ್ ಬಿದ್ದಿತ್ತು. 2005ರ ಅಕ್ಟೋಬರ್ ಒಂದೇ ತಿಂಗಳಲ್ಲಿ 600 ಮಿಲಿಮೀಟರ್ ದಾಟಿತ್ತು. ಕೆರೆ ಕೋಡಿ ಬಿದ್ದು ಮನೆಯೊಳಗೆ ನೀರು ನುಗ್ಗಿದ ಆ ವರ್ಷವನ್ನು ಹಳಬರು ಇನ್ನೂ ನೆನೆಸಿಕೊಳ್ಳುತ್ತಾರೆ.

ಇಷ್ಟು ಹೊತ್ತು ಹೇಳಿದ್ದು ಕುರುಡು ಚಿತ್ತೆಯ ಆಟ. ಆದರೆ ಇದೇ ತಿಂಗಳಲ್ಲಿ ಒಮ್ಮೊಮ್ಮೆ ಆಟದ ನಿಯಮವೇ ಬದಲಾಗುತ್ತದೆ. ಬದಲಾಯಿಸುವುದು ಬಂಗಾಳ ಕೊಲ್ಲಿ. ಜುಲೈ, ಆಗಸ್ಟ್‌ನಲ್ಲಿ ಮೇಲಿನ ಗಾಳಿ ಒಂದು ಕಡೆ, ಕೆಳಗಿನ ಗಾಳಿ ಇನ್ನೊಂದು ಕಡೆ ಎಳೆಯುತ್ತಿರುತ್ತದೆ. ಚಂಡಮಾರುತದ ಸುಳಿ ಕಟ್ಟಿಕೊಳ್ಳಲು ಹೋದರೆ ತಲೆ ಒಂದು ಕಡೆ, ಬುಡ ಒಂದು ಕಡೆ ಆಗಿ ಹರಿದುಹೋಗುತ್ತದೆ. ಅಕ್ಟೋಬರ್‌ಗೆ ಆ ಎಳೆದಾಟ ಕಡಿಮೆಯಾಗುತ್ತದೆ. ಸಮುದ್ರ ಮಾತ್ರ ಇನ್ನೂ 28, 29 ಡಿಗ್ರಿ ಬೆಚ್ಚಗಿರುತ್ತದೆ. ಚಂಡಮಾರುತಕ್ಕೆ 26.5 ಡಿಗ್ರಿ ಇದ್ದರೂ ಸಾಕು. ಒಡಿಶಾವನ್ನು ನುಚ್ಚುನೂರು ಮಾಡಿದ 1999ರ ಸೂಪರ್ ಸೈಕ್ಲೋನ್ ಅಕ್ಟೋಬರ್ 29ರದ್ದು. 2013ರ ಫೈಲಿನ್, 2014ರ ಹುದ್‌ಹುದ್ ಎರಡೂ ಅಕ್ಟೋಬರ್ 12ಕ್ಕೆ ದಡ ಮುಟ್ಟಿದವು. 2018ರ ತಿತ್ಲಿ, 2024ರ ದಾನಾ, 2025ರ ಮೊಂಥಾ, ಎಲ್ಲವೂ ಇದೇ ತಿಂಗಳವು.

ಕೊಲ್ಲಿಯಲ್ಲಿ ವಾಯುಭಾರ ಕುಸಿತ (ಗಾಳಿಯ ಒತ್ತಡ ಇಳಿದು ಸುಳಿ ಕಟ್ಟುವುದು) ಎಂದು ಕೇಳಿದ ಕೂಡಲೇ ನಮ್ಮವರು ಕೊಡೆ ಹುಡುಕುತ್ತಾರೆ. ತಾಳಿ. ಎಷ್ಟು ಜೋರು ಅನ್ನುವುದಕ್ಕಿಂತ ಎಲ್ಲಿಗೆ ಹೋಗುತ್ತದೆ ಅನ್ನುವುದು ನಮಗೆ ಮುಖ್ಯ. ಅದು ಒಡಿಶಾ, ಬಂಗಾಳದ ಕಡೆ ತಿರುಗಿದರೆ ಎಷ್ಟೋ ಸಲ ನಮ್ಮ ಪಾಲಿನ ತೇವವನ್ನೂ ಎಳೆದುಕೊಂಡು ಹೋಗುತ್ತದೆ. ಮೂಡಣ ಗಾಳಿ ಕೆಡುತ್ತದೆ, ಹಿಂಗಾರು ತಡವಾಗುತ್ತದೆ, ನಮ್ಮಲ್ಲಿ ಬಿಸಿಲು. ಅದೇ ತಮಿಳುನಾಡಿಗೋ ದಕ್ಷಿಣ ಆಂಧ್ರಕ್ಕೋ ಬಂದರೆ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು, ಚಾಮರಾಜನಗರಕ್ಕೆ ಬೇರೆಯೇ ಬಗೆಯ ಮಳೆ. ಗುಡುಗಿಲ್ಲ, ಸಿಡಿಲಿಲ್ಲ. ಬೂದು ಆಕಾಶ, ಚಳಿಗಾಳಿ, ಎರಡು ಮೂರು ದಿನ ಬಿಡದ ಜಿಟಿಜಿಟಿ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಪುದುಚೇರಿ ಹತ್ತಿರ ದಡ ಸೇರಿತು. ಬೆಂಗಳೂರು ಸ್ವೆಟರ್ ಹಾಕಿಕೊಂಡು ಕೂತಿತು. ಅದರ ಅಳಿದುಳಿದ ಭಾಗ ನೆಲದ ಮೇಲೇ ಪಡುವಣಕ್ಕೆ ಸಾಗಿ, ಡಿಸೆಂಬರ್ ಮೊದಲ ವಾರ ನಮ್ಮ ಕರಾವಳಿಯಲ್ಲೂ ಜೋರು ಮಳೆ ಸುರಿಸಿತು. ಮತ್ತೆ 2009. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಕೊಲ್ಲಿಯ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದ ಮೇಲೆ ಮಳೆ ಮುರಿದು ಬಿತ್ತು. ಬಿಸಿಲ ನಾಡು ಎನ್ನಿಸಿಕೊಂಡ ವಿಜಯಪುರ, ಬಾಗಲಕೋಟೆ, ರಾಯಚೂರಿನಲ್ಲಿ ಊರಿಗೆ ಊರೇ ಮುಳುಗಿದವು. ಇನ್ನೂರಕ್ಕೂ ಹೆಚ್ಚು ಜನ ಹೋದರು. ಮಂತ್ರಾಲಯದಲ್ಲಿ ತುಂಗಭದ್ರೆ ಮಠದೊಳಗೇ ಬಂದಿದ್ದಳು.

ಹಾಗಾಗಿ ಮಾವನವರಿಗೆ ಇಷ್ಟು ಹೇಳಿ. ಬರೀ ಸಂಜೆ ಗುಡುಗಿನ ಮಳೆ ಆದರೆ ರಾಗಿ ಕೊಯ್ಯಬಹುದು. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ದು, ಎರಡು ಗಂಟೆಯೊಳಗೆ ಆ ದಿನದ್ದನ್ನು ಎತ್ತರದ ಕಡೆ ಒಟ್ಟಿ ಟಾರ್ಪಾಲು ಹೊದಿಸಿದರೆ ಆಯಿತು. ಹೊಲ ಪೂರ್ತಿ ಒಂದೇ ಸಲ ಕೊಯ್ದು ಹರಡಬಾರದು. ಆದರೆ ತಮಿಳುನಾಡು, ದಕ್ಷಿಣ ಆಂಧ್ರದ ಕಡೆಗೆ ಮುಖ ಮಾಡಿದ ವಾಯುಭಾರ ಕುಸಿತ ಇದೆ ಎಂದು ಇಲಾಖೆ ಹೇಳಿದ್ದರೆ ಕುಡುಗೋಲು ಕೆಳಗಿಡಲಿ. ನಿಂತ ತೆನೆ ಎರಡು ದಿನ ನೆನೆದರೂ ಗಾಳಿಗೆ ಆರುತ್ತದೆ. ಕೊಯ್ದು ಮಲಗಿಸಿದ ತೆನೆ ಮೂರು ದಿನ ಜಿಟಿಜಿಟಿಯಲ್ಲಿ ನೆನೆದರೆ ಅಲ್ಲೇ ಮೊಳಕೆ ಒಡೆಯುತ್ತದೆ, ಹುಲ್ಲೂ ಕಪ್ಪಾಗುತ್ತದೆ. 2021ರ ನವೆಂಬರ್ ಅವರಿಗೆ ನೆನಪಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮಳೆ ವಾರಗಟ್ಟಲೆ ಬಿಡದೆ ರಾಗಿ ಹೊಲದಲ್ಲೇ ಹಾಳಾಯಿತು. ಟೊಮೆಟೊ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿತು. ತೆನೆ ಮಾಗಿ ಕಾಳು ಉದುರುವ ಹಾಗಿದ್ದರೆ ಮಾತ್ರ ಕಾಯಲು ಆಗುವುದಿಲ್ಲ. ಆಗ ಮೋಡ ಬರುವ ಮುಂಚೆಯೇ ಕೊಯ್ದು ಒಳಗೆ ಸೇರಿಸಬೇಕು. ಅದನ್ನು ಅವರೇ ಕೈಯಲ್ಲಿ ತೆನೆ ಉಜ್ಜಿ ನೋಡಿ ಹೇಳಬೇಕು, ನಾನಲ್ಲ.

ವಿಜಯಪುರಕ್ಕೆ ಬರೋಣ. ನಿಮ್ಮ ದಾರಿಯಲ್ಲಿ ಎಲ್ಲಕ್ಕಿಂತ ಒಣಗಿರುವ ಊರು ಬಹುಶಃ ಅದೇ. ಮುಂಗಾರು ಸರಿದ ಮೇಲೆ ಬಡಗಣದ ಒಣಗಾಳಿ ಮೊದಲು ತಲುಪುವುದು ಅಲ್ಲಿಗೆ. ಬೆಳಗ್ಗೆ ತಂಪು, ಮಧ್ಯಾಹ್ನ ಚುರುಕು ಬಿಸಿಲು. ಹಿಂಗಾರಿ ಜೋಳ ಬಿತ್ತಿಯಾಗಿರುತ್ತದೆ. ಎರೆ ಮಣ್ಣು ಹಿಡಿದಿಟ್ಟ ತೇವ ಮತ್ತು ಇಬ್ಬನಿಯಲ್ಲೇ ಅದು ಬೆಳೆಯಬೇಕು. ಅದಕ್ಕೆ ಈಗ ಒಂದು ಒಳ್ಳೆ ಮಳೆ ಬಂದರೆ ಹಬ್ಬ. ‘ಸ್ವಾತಿ ಮಳೆ ಮುತ್ತಿನ ಬೆಳೆ’ ಎನ್ನುವುದು ಸುಮ್ನೆ ಅಲ್ಲ. ಆದರೆ ಅದೇ ಮಳೆ ದ್ರಾಕ್ಷಿಯವರಿಗೆ ಕಣ್ಣೀರು. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆಗಿ ಎಳೆ ಚಿಗುರು ಬಂದಿರುವ ಹೊತ್ತಿಗೆ ಎರಡು ದಿನ ಮೋಡ, ತೇವ ಇದ್ದರೆ ಡೌನಿ ಎಂಬ ಬೂಜು ರೋಗ ಹಿಡಿಯುತ್ತದೆ. ಒಂದೇ ಊರಲ್ಲಿ ಒಬ್ಬ ಮಳೆಗೆ ಕೈ ಮುಗಿದರೆ, ಪಕ್ಕದವನು ಔಷಧಿ ಹೊಡೆಯುವ ಪಂಪು ಹೊತ್ತು ಓಡುತ್ತಿರುತ್ತಾನೆ. ಅಲ್ಲಿಗೆ ಹೋದಾಗ ‘ಮಳೆ ಆದರೆ ಒಳ್ಳೇದಲ್ವಾ’ ಎಂದು ಕೇಳುವ ಮುಂಚೆ ಅಕ್ಕನ ಮನೆಯವರದ್ದು ಜೋಳವೋ ದ್ರಾಕ್ಷಿಯೋ ತಿಳಿದುಕೊಳ್ಳಿ. ಮಳೆ ಬಂದ ಮರುದಿನ ಕಾರು ಎರೆ ಹೊಲದ ದಾರಿಗೆ ಇಳಿಸಬೇಡಿ. ಆ ಮಣ್ಣು ಚಪ್ಪಲಿಯನ್ನೇ ಬಿಟ್ಟುಕೊಡುವುದಿಲ್ಲ, ಟೈರು ಬಿಡುತ್ತದೆಯೇ?

ಶಿರಸಿಯಲ್ಲಿ ಬೆಳಗ್ಗೆ ಹಿತವಾದ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು. ಘಟ್ಟದ ಏರು ಗಾಳಿಯನ್ನು ಮೇಲಕ್ಕೆ ಎತ್ತುವುದರಿಂದ ಅಲ್ಲಿ ಮೋಡ ಹುಟ್ಟುವುದು ಬೇಗ. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾಗಿದ್ದರೆ ಮನೆಯಲ್ಲಿ ಎಲ್ಲರ ಕಣ್ಣೂ ಅಡಿಕೆ ಒಣಗಿಸುವ ಅಟ್ಟದ ಮೇಲೆ. ಬೇಯಿಸಿ ಹರಡಿದ ಅಡಿಕೆಗೆ ಸಾಲಾಗಿ ಒಂದು ವಾರ ಬಿಸಿಲು ಬೇಕು, ಈ ತಿಂಗಳು ಕೊಡುವುದು ದಿನಕ್ಕೆ ಅರ್ಧ. ಮಧ್ಯಾಹ್ನ ಊಟದ ಮಧ್ಯೆ ಗುಡುಗಿದರೆ ತಟ್ಟೆ ಬಿಟ್ಟು ಏಳುವ ಕಸರತ್ತು ನಿಮಗೆ ಗೊತ್ತೇ ಇರುತ್ತದೆ. ಈ ಸಲ ನೀವೂ ಕೈ ಜೋಡಿಸಿ.

ಕರಾವಳಿಯದ್ದು ಸ್ವಾರಸ್ಯದ ಕಥೆ. ಮಳೆಗಾಲದಲ್ಲಿ ಅಲ್ಲಿ ಮಳೆ ಕಡಲಿನಿಂದ ಬರುತ್ತದೆ. ಅಕ್ಟೋಬರ್‌ನಲ್ಲಿ ಉಲ್ಟಾ. ಘಟ್ಟದ ಮೇಲೆ ಮಧ್ಯಾಹ್ನ ಹುಟ್ಟಿದ ಗುಡುಗಿನ ಮೋಡವನ್ನು ಮೂಡಣ ಗಾಳಿ ಮೆಲ್ಲಗೆ ಕೆಳಗೆ ತಳ್ಳುತ್ತದೆ. ಸಂಜೆ ಆರು ಏಳರ ಹೊತ್ತಿಗೆ ಮೂಡಣ ದಿಕ್ಕು ಕಪ್ಪಾಗುತ್ತದೆ. ಗೋಕರ್ಣದ ದಂಡೆಯಲ್ಲಿ ಕೂತವರು ಕಡಲ ಕಡೆಯ ಸೂರ್ಯಾಸ್ತ ನೋಡುತ್ತಿರುತ್ತಾರೆ, ಮಳೆ ಬೆನ್ನ ಹಿಂದಿನಿಂದ ಬರುತ್ತದೆ. ಹಾಗಾಗಿ ಅಲ್ಲಿ ಆಗಾಗ ಹಿಂದೆ ತಿರುಗಿ ಘಟ್ಟದ ಕಡೆ ನೋಡಿ. ಹಗಲಿನ ಸೆಖೆಗೂ ಸಿದ್ಧರಾಗಿರಿ, ಮಳೆಗಾಲ ಮುಗಿದ ಮೇಲಿನ ಈ ಬಿಸಿಲು ಅಲ್ಲಿ ಎರಡನೇ ಬೇಸಿಗೆಯೇ. ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವುದಿದ್ದರೆ ಬೆಳಗ್ಗೆ ತಿಂಡಿ ಮುಗಿಸಿ ಹೊರಡಿ. ಊಟ ಮಾಡಿ ನಿದ್ದೆ ತೆಗೆದು ಹೊರಟರೆ ಮೋಡದ ಜೊತೆಗೇ ಇಳಿಯುತ್ತೀರಿ. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಇದೆ ಎಂದು ತಿಳಿದರೆ ಮಾತ್ರ ಗೋಕರ್ಣದ ಯೋಚನೆ ಬದಲಿಸಿ. ಮಳೆಗಿಂತ ಅಲೆ ಅಪಾಯ.

ನಿಮ್ಮ ತಮ್ಮ ಹೇಳಿದ್ದೂ ಸರಿ. ದೆಹಲಿಯ ಕಡೆ ಮುಂಗಾರು ಹೋಗಿ ತಿಂಗಳಾಗಿರುತ್ತದೆ. ಅಲ್ಲಿ ಈಗಿನ ಕಾಟ ಮಳೆಯದ್ದಲ್ಲ, ಗಾಳಿ ನಿಂತು ಹೊಗೆ ಕೂರುವುದು. ಪಶ್ಚಿಮದಿಂದ ಬರುವ ಗಾಳಿಯ ಅಲೆಗಳು ಹಿಮಾಲಯದ ಎತ್ತರದಲ್ಲಿ ಮೊದಲ ಹಿಮ ಬೀಳಿಸುತ್ತವೆ, ಬಯಲಿನಲ್ಲಿ ಚಳಿ ತರುತ್ತವೆ. ಒಡಿಶಾ, ಉತ್ತರ ಆಂಧ್ರದ ಕರಾವಳಿಯವರು ಕೊಲ್ಲಿಯ ಮೇಲೆ ಕಣ್ಣಿಟ್ಟು ಕೂತಿರುತ್ತಾರೆ. ಕೇರಳದವರು ಈ ಮಳೆಯನ್ನು ತುಲಾವರ್ಷ ಎನ್ನುತ್ತಾರೆ. ತಲಕಾವೇರಿಯಲ್ಲಿ ತೀರ್ಥೋದ್ಭವ ಆಗುವ ತುಲಾ ಮಾಸದ ಮಳೆ ಅದು, ಬಹುಪಾಲು ಸಂಜೆಯ ಗುಡುಗು. ಚೆನ್ನೈಯದ್ದು ಇನ್ನೊಂದು ಬಗೆ. ನಮ್ಮ ರಾಜ್ಯದ ಮಳೆಯ ಸುಮಾರು ಮುಕ್ಕಾಲು ಪಾಲು ಮುಂಗಾರಿನದ್ದು. ತಮಿಳುನಾಡಿಗೆ ವರ್ಷದ ಹತ್ತಿರಹತ್ತಿರ ಅರ್ಧ ಮಳೆ ಹಿಂಗಾರಿನದ್ದೇ. ಚೆನ್ನೈನಲ್ಲಿ ಅದು ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಿನ ಜಾವದ ತನಕ ಸುರಿಯುತ್ತದೆ. ರಾತ್ರಿ ನೆಲದಿಂದ ಕಡಲಿಗೆ ಹೋಗುವ ಗಾಳಿಯೂ ಕಡಲಿನಿಂದ ಬರುವ ಮೂಡಣ ಗಾಳಿಯೂ ದಡದಲ್ಲಿ ಡಿಕ್ಕಿ ಹೊಡೆಯುತ್ತವೆ. ಬೆಂಗಳೂರಿನವರು ಸಂಜೆಯ ಕೆಲಸ ಬೆಳಗ್ಗೆಗೆ ಹಾಕಬೇಕು, ಚೆನ್ನೈಯವರು ಬೆಳಗಿನದ್ದನ್ನು ಸಂಜೆಗೆ.

ಸಿಡಿಲಿನ ಮಾತು ಬಿಡುವ ಹಾಗಿಲ್ಲ. ಈ ತಿಂಗಳು ಹೊಲದಲ್ಲಿ, ತೋಟದಲ್ಲಿ ಜನ ಸಾಯುವುದು, ಸಿಡಿಲಿಗೆ ಹೆದರಬೇಕಾದ ಹೊತ್ತಲ್ಲಿ ನೀರಿಗೆ ಹೆದರಿ ಮರದಡಿ ನಿಂತು. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಮೂರು ಎಣಿಸಿದರೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವ ಮುಂಚೆ ಗುಡುಗಿದರೆ ಮೋಡ ಹತ್ತು ಕಿಲೋಮೀಟರ್ ಒಳಗಿದೆ, ಗಟ್ಟಿ ಕಟ್ಟಡದ ಅಥವಾ ಕಾರಿನ ಒಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಬರಬೇಡಿ. ಮಳೆ ನಿಂತಿತೆಂದು ಅಡಿಕೆ ಮರ ಹತ್ತುವವರು, ಹಸು ಬಿಚ್ಚಲು ಹೋಗುವವರು ಸಿಕ್ಕಿಕೊಳ್ಳುವುದು ಈ ಅರ್ಧ ಗಂಟೆಯಲ್ಲೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿ ಎಂಬ ಆ್ಯಪ್ ಇದೆ. ನಿಮ್ಮ ಸುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಎಂದು ತೋರಿಸುತ್ತದೆ. ಮಾವನವರ ಫೋನಿಗೂ ಹಾಕಿಕೊಡಿ.

ಇನ್ನು ನಂಬುವ ವಿಷಯ. ಏಳನೇ ದಿನದ ಮೋಡದ ಚಿತ್ರವನ್ನು ನೋಡಲೇಬೇಡಿ, ಅದು ಅಕ್ಟೋಬರ್ ಎಂದು ಹೇಳುತ್ತಿದೆ ಅಷ್ಟೇ. ನಾಲ್ಕೈದು ದಿನ ಮುಂಚೆ ನೋಡಬೇಕಾದದ್ದು ಒಂದೇ: ಕೊಲ್ಲಿಯಲ್ಲೋ ಅರಬ್ಬಿ ಸಮುದ್ರದಲ್ಲೋ ವಾಯುಭಾರ ಕುಸಿತದ ಸುದ್ದಿ ಇದೆಯೇ, ಇದ್ದರೆ ಯಾವ ದಿಕ್ಕಿಗೆ. ಇಷ್ಟು ದೊಡ್ಡ ಸುಳಿಯನ್ನು ಮಾದರಿಗಳು ಚೆನ್ನಾಗಿಯೇ ಹಿಡಿಯುತ್ತವೆ. ಹಿಂದಿನ ಸಂಜೆ ಇಲಾಖೆಯ ಜಿಲ್ಲಾವಾರು ಎಚ್ಚರಿಕೆ ನೋಡಿ. ಹೊರಡುವ ದಿನ ಮಧ್ಯಾಹ್ನ ಮುಂದಿನ ಮೂರು ಗಂಟೆಯ ಮುನ್ಸೂಚನೆ ಬರುತ್ತದೆ, ಗುಡುಗಿನ ಮಳೆಗೆ ನಿಜವಾಗಿ ಕೆಲಸಕ್ಕೆ ಬರುವುದು ಅದೇ. ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದ್ದಾರೆ. ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಊರಿನದ್ದೇ ವಿವರ ಕೇಳಬಹುದು. ರೈತರು ಕೇಳಲಿ ಎಂದೇ ಇಟ್ಟದ್ದು ಅದು, ಮಾವನವರು ನೇರವಾಗಿ ಕೇಳಲಿ. ನಿಮ್ಮ ಮೊಬೈಲ್ ಮೂಲಕ ಸುತ್ತಿ ಬರುವುದು ಯಾಕೆ?

ಇಷ್ಟೆಲ್ಲ ಹೇಳಿದ ನನ್ನ ಮನೆಯಲ್ಲಿ 8.30ಕ್ಕೆ ಮಳೆ ಮಾಪಕ ನೋಡುವುದು ನಾನು. ತಾರಸಿಯ ಬಟ್ಟೆ ಯಾವಾಗ ತೆಗೆಯಬೇಕು ಎಂದು ತೀರ್ಮಾನಿಸುವುದು ನನ್ನಾಕೆ. ಹೋದ ಅಕ್ಟೋಬರ್‌ನಲ್ಲಿ ಒಂದು ದಿನ ನಾನು ‘ಇವತ್ತು ಬರಲ್ಲ’ ಎಂದೆ. ಆಕೆ ಮೂಡಣಕ್ಕೆ ಒಮ್ಮೆ ನೋಡಿ, ಏನೂ ಹೇಳದೆ ಬಟ್ಟೆ ತಂದಳು. ನಾಲ್ಕು ಗಂಟೆಗೆ ನನ್ನ ಮಾಪಕದಲ್ಲಿ 31 ಮಿಲಿಮೀಟರ್ ಇತ್ತು.